ಚೀಲದ ತೂಕ ಕಳೀಬೇಕು, ಮಿಸ್

ಜನವರಿ ತಿಂಗಳು. ಕೊಡಗಿನ ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿಗೆ ತೂಕದ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ: ಅಮ್ಮ 62 ಕೆ.ಜಿ. ಕಾಫಿ ಕುಯ್ದರು, ಅಪ್ಪ 75 ಕೆ.ಜಿ. ಕುಯ್ದರು, ಒಟ್ಟು ಎಷ್ಟು? ಕಿಟಕಿ ಪಕ್ಕ ಕೂರುವ ಹುಡುಗಿ ಕೈ ಎತ್ತಿದಳು. ಯರವ ಬುಡಕಟ್ಟಿನ ಹುಡುಗಿ, ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುತ್ತಿದ್ದಳು. ಜೂನ್‌ನಿಂದ ಅಲ್ಲಿಯವರೆಗೆ ಹಾಜರಿ ಕೂಗುವಾಗ ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಚೀಲದ ತೂಕ ಕಳೀಬೇಕು ಮಿಸ್," ಅಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಮುಂದೆ ಬಂದು ಹೇಳು ಅಂದೆ. ಅರ್ಧ ಕನ್ನಡ, ಅರ್ಧ ಅವಳ ಮನೆಮಾತು. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್, ಕುಯ್ದ ಕಾಫಿಯ ತೂಕ ಹಾಕುತ್ತಾರಂತೆ. ಚೀಲ ಒದ್ದೆಯಿದ್ದರೆ ಅದರದ್ದೇ ತೂಕ ಜಾಸ್ತಿ. ಎಲೆ, ಕಡ್ಡಿ ಇದ್ದರೆ ಆರಿಸಿ ತೆಗೆಯಬೇಕು. ಅಪ್ಪನಿಗೆ ಓದಲು ಬರುವುದಿಲ್ಲ, ಹಾಗಾಗಿ ತೂಕದ ಮುಳ್ಳು ಎಲ್ಲಿ ನಿಂತಿತು, ಪುಸ್ತಕದಲ್ಲಿ ಎಷ್ಟು ಬರೆದರು ಅಂತ ನೋಡುವುದು ಇವಳ ಕೆಲಸ. ಒಂಬತ್ತು ವರ್ಷದ ಮಗು ದಿನಾ ಸಂಜೆ ಮನೆಯ ಕೂಲಿ ಲೆಕ್ಕ ಕಾಯುತ್ತಿದ್ದಳು. ನನ್ನ ಅಂಕಪಟ್ಟಿಯಲ್ಲಿ ಅವಳು ಗಣಿತದಲ್ಲಿ ಹಿಂದೆ!

ಅವತ್ತು ರಾತ್ರಿ ನನ್ನ ಹಳೆಯ ತರಬೇತಿ ಪುಸ್ತಕ ತೆಗೆದೆ. 'ನಿಮ್ಮ ಶೈಕ್ಷಣಿಕ ದೃಷ್ಟಿಕೋನ ಬರೆಯಿರಿ' ಅಂತ ಒಂದು ತರಬೇತಿಯಲ್ಲಿ ಹೇಳಿದ್ದರು. 'ಮಕ್ಕಳ ಸರ್ವತೋಮುಖ ಬೆಳವಣಿಗೆ' ಅಂತ ಬರೆದಿದ್ದೆ. ಅದು ಸುಳ್ಳಲ್ಲ. ಆದರೆ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ನಿಂತಾಗ ಇವತ್ತು ಏನು ಮಾಡಲಿ ಅಂತ ಆ ಮಾತು ಯಾವತ್ತೂ ದಾರಿ ತೋರಿಸಿರಲಿಲ್ಲ. ಶಾಲೆಯ ಕಲಿಕೆಗೂ ಹೊರಗಿನ ಬದುಕಿಗೂ ನಂಟಿರಬೇಕು ಅನ್ನುವುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾತುಗಳಲ್ಲೇ ಇದೆ. ಅದನ್ನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದರ ಅರ್ಥ ಹೇಳಿಕೊಡಲು ಈ ಹುಡುಗಿ ಬರಬೇಕಾಯಿತು.

ಒಂದು ಹೊಸ ನೋಟ್‌ಬುಕ್ ಇಟ್ಟೆ. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಮೂರೇ ಪ್ರಶ್ನೆಗೆ ಉತ್ತರ ಬರೆಯುವುದು. ಈ ವಾರ ಯಾರ ದನಿ ಕೇಳಲಿಲ್ಲ? ಯಾವ ಮಗುವಿನಿಂದ ಏನು ಕಲಿತೆ? ಯಾವಾಗ ಮನಸ್ಸಿಗೆ ಕಸಿವಿಸಿಯಾಯಿತು? ಚೆಂದದ ವಾಕ್ಯ ಬರೆಯಬಾರದು, ಆಗಿದ್ದನ್ನಷ್ಟೇ ಬರೆಯಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ಮಾರ್ಚ್ ಹೊತ್ತಿಗೆ ಪುಟ ತಿರುವಿದರೆ ಮೊದಲ ಪ್ರಶ್ನೆಗೆ ಮತ್ತೆ ಮತ್ತೆ ಅವೇ ಆರು ಹೆಸರು. ಆರೂ ಮಕ್ಕಳ ಮನೆಮಾತು ಕನ್ನಡವಲ್ಲ. ಕೊಡಗಿನ ಯಾವ ತರಗತಿಯಾದರೂ ಹೀಗೇ ಅಲ್ವಾ? ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ. ಪಾಠ ಮಾತ್ರ ಪುಸ್ತಕದ ಕನ್ನಡದಲ್ಲಿ. ಮಕ್ಕಳಿಗೆ ವಿಷಯ ಗೊತ್ತಿತ್ತು, ಅದನ್ನು ಹೇಳಲು ಜಾಗ ಇರಲಿಲ್ಲ. ನನ್ನ ದೃಷ್ಟಿಕೋನ ಅಂತ ಆಗ ಹುಟ್ಟಿದ ವಾಕ್ಯ ಇದು: 'ಮಗು ತನಗೆ ಗೊತ್ತಿರುವುದನ್ನು ತನ್ನ ಮಾತಿನಲ್ಲೇ ತರಗತಿಗೆ ತರಬೇಕು.'

ಮುಂದಿನ ಜೂನ್‌ನಿಂದ ದಿನದ ಮೊದಲ ಹತ್ತು ನಿಮಿಷ ಮಕ್ಕಳಿಗೆ ಬಿಟ್ಟುಕೊಟ್ಟೆ. ಯಾವ ಭಾಷೆಯಲ್ಲಾದರೂ ಹೇಳಬಹುದು, ಗೊತ್ತಿದ್ದವರು ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು. ಹೂ ಮಳೆ ಬಂದರೆ ಕಾಫಿ ಎಷ್ಟು ದಿನಕ್ಕೆ ಅರಳುತ್ತದೆ, ಆನೆ ಬಂದ ರಾತ್ರಿ ನಾಯಿ ಹೇಗೆ ಬೊಗಳುತ್ತದೆ, ಎಲ್ಲಾ ಬಂತು. ಪಾಠ ಹಿಂದೆ ಬೀಳುತ್ತದೆ ಅಂತ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಮೊದಲ ಎರಡು ತಿಂಗಳು ಹಿಂದೆ ಬಿದ್ದಿದ್ದೂ ನಿಜ.

ನನ್ನ ವಾಕ್ಯವನ್ನು ತಿದ್ದಿದವರು ಮಾತ್ರ ಆ ಹುಡುಗಿಯ ಅಪ್ಪ. ಕೊಯ್ಲಿನ ಸಮಯದಲ್ಲಿ ಮಕ್ಕಳು ತಮ್ಮ, ತಂಗಿಯರನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿದುಬಿಡುತ್ತಾರೆ. ಹಾಗಾಗಿ ಸಂಜೆ ಮನೆಗಳಿಗೆ ಹೋಗುತ್ತಿದ್ದೆ. ಬಾಗಿಲ ಹತ್ತಿರ ಕೂತು ಬೆಳಗಿನ ಹತ್ತು ನಿಮಿಷದ ಬಗ್ಗೆ ತುಂಬ ಉತ್ಸಾಹದಿಂದ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಮ್ಮ ಮಾತು ಅವಳಿಗೆ ಬರುತ್ತೆ ಟೀಚರ್. ಬ್ಯಾಂಕಿನ ಕಾಗದ ಓದೋಕೆ ಕಲಿಸಿ," ಅಂದರು.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಮಗುವಿನ ದನಿಗೆ ಜಾಗ ಕೊಟ್ಟ ಖುಷಿಯಲ್ಲಿ, ಓದು ಬರಹಕ್ಕೆ ಪಟ್ಟು ಹಿಡಿಯುವುದನ್ನು ಸಡಿಲ ಬಿಟ್ಟಿದ್ದೆ. ಆ ರಾತ್ರಿ ವಾಕ್ಯಕ್ಕೆ ಎರಡನೇ ಅರ್ಧ ಸೇರಿತು: 'ಮತ್ತು ಯಾರ ಸಹಾಯವೂ ಇಲ್ಲದೆ ಓದಿ, ಬರೆದು ಹೋಗಬೇಕು.' ಬೆಳಗಿನ ಮಾತಿನಲ್ಲಿ ಬಂದ ಒಂದು ವಿಷಯವನ್ನು ಮಧ್ಯಾಹ್ನ ಎಲ್ಲರೂ ಕನ್ನಡದಲ್ಲಿ ಐದು ಸಾಲು ಬರೆಯುವುದು ಅಲ್ಲಿಂದ ಶುರುವಾಯಿತು. ಬ್ಯಾಂಕ್ ಚಲನ್, ಬಸ್ ಬೋರ್ಡು, ಮಾತ್ರೆಯ ಚೀಟಿ ಕೂಡ ಓದುವ ಪಾಠಕ್ಕೆ ಬಂದವು.

ನಿಮ್ಮದೇ ದೃಷ್ಟಿಕೋನ ಹುಡುಕುತ್ತಿದ್ದರೆ ವಾಕ್ಯದಿಂದ ಶುರು ಮಾಡಬೇಡಿ, ಆ ಮೂರು ಪ್ರಶ್ನೆಯಿಂದ ಶುರು ಮಾಡಿ. ವಾಕ್ಯ ಬಂದ ಮೇಲೆ ವೇಳಾಪಟ್ಟಿಯ ಪಕ್ಕ ಇಟ್ಟು ನೋಡಿ. ಅದರಿಂದ ಒಂದು ಪೀರಿಯಡ್ಡೂ ಬದಲಾಗದಿದ್ದರೆ ಇನ್ನೂ ಬರೆಯುವುದು ಬಾಕಿ ಇದೆ ಅಂತ ನಾನು ತಿಳಿಯುತ್ತೇನೆ. ಒಬ್ಬ ಅಪ್ಪನಿಗೋ ಅಮ್ಮನಿಗೋ ಅದನ್ನು ಹೇಳಿ, ಅವರ ಉತ್ತರ ಬರೆದಿಟ್ಟುಕೊಳ್ಳಿ.

ಈ ವರ್ಷ ಒಂದನೇ ತರಗತಿಗೆ ಇಬ್ಬರು ಮಕ್ಕಳು ಅಸ್ಸಾಮಿನಿಂದ ಬಂದಿದ್ದಾರೆ. ಅವರ ಮಾತು ತರಗತಿಯಲ್ಲಿ ಯಾರಿಗೂ ಬರುವುದಿಲ್ಲ, ಕನ್ನಡದಲ್ಲಿ ತಿರುಗಿಸಿ ಹೇಳಲು ಒಬ್ಬರೂ ಇಲ್ಲ. ನೋಟ್‌ಬುಕ್‌ನಲ್ಲಿ ಸದ್ಯಕ್ಕೆ ಅವರಿಂದ ಕಲಿತ ಎರಡು ಪದ ಇವೆ. ನೀರಿಗೆ ಪಾನಿ, ಅನ್ನಕ್ಕೆ ಭಾತ್.