ಬ್ರಾಂಪ್ಟನ್‌ಗೆ ಬರುವವರೇ, ಮೊದಲು ಡ್ರೈವ್‌ವೇ ನೋಡಿ

ಮನೆ ನೋಡಲು ಹೋದವರು ಅಡುಗೆಮನೆ, ಬೇಸ್‌ಮೆಂಟ್ ಎಲ್ಲ ಸುತ್ತಿ ಬರುತ್ತಾರೆ. ಡ್ರೈವ್‌ವೇಯಲ್ಲಿ, ಅಂದರೆ ರಸ್ತೆಯಿಂದ ಗ್ಯಾರೇಜಿನವರೆಗಿನ ಹಾದಿಯಲ್ಲಿ, ಎಷ್ಟು ಕಾರು ಹಿಡಿಸುತ್ತವೆ ಎಂದು ಕೇಳುವವರು ಕಡಿಮೆ. ಕೆನಡಾದ ಟೊರಾಂಟೊ ಬಳಿಯ ಈ ಬ್ರಾಂಪ್ಟನ್‌ನಲ್ಲಿ, ಅದರಲ್ಲೂ ಬಾಡಿಗೆಗೆ ಬರುವವರು, ಮೊದಲು ಕೇಳಬೇಕಾದದ್ದೇ ಅದು. ರಾತ್ರಿ 2ರಿಂದ ಬೆಳಗಿನ 6ರವರೆಗೆ ಇಲ್ಲಿನ ಬೀದಿಗಳಲ್ಲಿ ಕಾರು ನಿಲ್ಲಿಸುವಂತಿಲ್ಲ. ಹಿಮವಿಲ್ಲದ ಬೇಸಿಗೆಯಲ್ಲೂ ಅಷ್ಟೇ. ಹಗಲಿನಲ್ಲಿ, ಬೇರೆ ಫಲಕವಿಲ್ಲದ ಕಡೆ, 3 ಗಂಟೆಯ ಮಿತಿ. ನೆಂಟರು ರಾತ್ರಿ ಉಳಿಯುವುದಾದರೆ ನಗರಾಡಳಿತದ ಜಾಲತಾಣದಲ್ಲಿ ಅವರ ಕಾರಿನ ನಂಬರ್ ಕೊಟ್ಟು ಮೊದಲೇ ವಿನಾಯಿತಿ ಪಡೆಯಿರಿ. ಅದೂ ವರ್ಷಕ್ಕೆ ಇಂತಿಷ್ಟು ಸಲ ಮಾತ್ರ.

ಮನೆ ಮುಂದಿನ ಜಾಗವೆಲ್ಲ ನಮ್ಮದೇ ಎಂದುಕೊಳ್ಳಬೇಡಿ. ರಸ್ತೆಗೂ ಫುಟ್‌ಪಾತಿಗೂ ನಡುವಿನ ಹುಲ್ಲಿನ ಪಟ್ಟಿ ನಗರದ್ದು. ಹುಲ್ಲು ಕತ್ತರಿಸುವ ಭಾಗ್ಯ ಮಾತ್ರ ನಮ್ಮದು. ಕಾರಿನ ಹಿಂಭಾಗ ಫುಟ್‌ಪಾತಿನ ಮೇಲೆ ಚಾಚಿದರೂ ದಂಡ ಬೀಳುತ್ತದೆ. ಗ್ಯಾರೇಜಿನಲ್ಲಿ ಹಳೆಯ ಸೋಫಾ, ಖಾಲಿ ಸೂಟ್‌ಕೇಸು ತುಂಬಿಸಿ, ಕಾರನ್ನು ಹೊರಗೆ ಅಡ್ಡಾದಿಡ್ಡಿ ನಿಲ್ಲಿಸುವವರಿಗೆ ಈ ದಂಡ ಸರಿಯಾಗಿಯೇ ಬೀಳುತ್ತದೆ ಎನ್ನುವವನು ನಾನು. ಮಗುವಿನ ತಳ್ಳುಗಾಡಿ ಹಿಡಿದವರು ಅವರಿಂದಾಗಿ ರಸ್ತೆಗೆ ಇಳಿಯಬೇಕಾಗುತ್ತದೆ.

ನಿಜವಾದ ತಂಟೆ ಶುರುವಾಗುವುದು ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟು ಕಾರುಗಳು ಹೆಚ್ಚಾದಾಗ. ಹುಲ್ಲು ಕಿತ್ತು ಕಾಂಕ್ರೀಟ್ ಸುರಿದರಾಯಿತು ಎನ್ನಿಸುತ್ತದೆ. ಆದರೆ ಡ್ರೈವ್‌ವೇ ಅಗಲಿಸಲು ಪರವಾನಗಿ ಬೇಕು. ಎಷ್ಟು ಅಗಲ ಎಂಬುದು ನಿವೇಶನದ ಅಗಲದ ಮೇಲೆ ನಿಂತಿದೆ. ಪಕ್ಕದ ಮನೆಯ ಗಡಿಗುಂಟ 0.6 ಮೀಟರ್ ನೀರು ಇಂಗುವ ನೆಲ ಬಿಡಬೇಕು. ಈ ನಿಯಮವನ್ನು ಗೊಣಗುತ್ತಲೇ ಪಾಲಿಸುವವರು 2013ರ ಜುಲೈ 8ನ್ನು ನೆನೆಸಿಕೊಳ್ಳಲಿ. ಅಂದು ಪಕ್ಕದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ 126 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಯಲ್ಲಿ ನಮ್ಮ ಕಾಂಕ್ರೀಟಿನ ಮೇಲೆ ಬಿದ್ದ ನೀರು ಇಂಗಲು ಜಾಗವಿಲ್ಲದೆ ಹರಿದು ನೆರೆಯವರ ಬೇಸ್‌ಮೆಂಟ್ ಹೊಕ್ಕರೆ ಮುಖ ತೋರಿಸುವುದು ಹೇಗೆ?

“ಬೀದಿಯಲ್ಲಿ ಎಲ್ಲರೂ ಮಾಡಿಸಿದ್ದಾರೆ ಸಾರ್” ಎಂದು ಗುತ್ತಿಗೆದಾರ ಹೇಳಿಯೇ ಹೇಳುತ್ತಾನೆ. ಅವರಲ್ಲಿ ಎಷ್ಟು ಮಂದಿಯ ಬಳಿ ಪರವಾನಗಿ ಇದೆಯೋ ಅವನಿಗೇನು ಗೊತ್ತು? ದೂರು ಹೋದರೆ ನೋಟೀಸು ಬರುವುದು ಮನೆಯ ಮಾಲೀಕನಿಗೆ. ಹಾಕಿಸಿದ ಕಾಂಕ್ರೀಟನ್ನು ಕೀಳಿಸಿ ಮತ್ತೆ ಹುಲ್ಲು ಹಾಕಿಸುವ ಖರ್ಚೂ ಅವನದೇ. ಆದ್ದರಿಂದ ಮುಂಗಡ ಕೊಡುವ ಮೊದಲು ನಗರಾಡಳಿತದ ಸಹಾಯವಾಣಿ 311ಕ್ಕೆ ಕರೆ ಮಾಡಿ, ಸರ್ವೆ ನಕ್ಷೆ ಕೈಯಲ್ಲಿಟ್ಟುಕೊಂಡೇ ಮಾತನಾಡಿ. ಈಗಾಗಲೇ ಅಗಲಿಸಿದ ಡ್ರೈವ್‌ವೇ ಇರುವ ಮನೆ ಕೊಳ್ಳುವವರು ಹಳೆಯ ಮಾಲೀಕರಿಂದ ಪರವಾನಗಿಯ ಪ್ರತಿ ಕೇಳಿ ಪಡೆಯಿರಿ.