ಹಣ್ಣಿನ ನೊಣ ಹಿಡಿದು ‘ನಾಚ್’ ತಿಳಿಯುವುದು ಹೇಗೆ?

ಗಾಂಧಿಬಜಾರಿನಿಂದ ತಂದ ಏಲಕ್ಕಿ ಬಾಳೆ ಎರಡು ದಿನ ಹೆಚ್ಚಿಗೆ ಉಳಿಯಿತೆಂದರೆ ಅಡುಗೆಮನೆಯಲ್ಲಿ ನುಸಿ ಏಳುತ್ತವೆ. ಈ ಸಲ ಓಡಿಸಬೇಡಿ, ಅದರಲ್ಲೂ ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ. ಕೋಶವೊಂದು ಪಕ್ಕದ ಕೋಶಕ್ಕೆ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂಬ ಪಾಠದ ದೊಡ್ಡ ಪಾಲನ್ನು ನಾವು ಕಲಿತದ್ದು ಈ ಕೆಂಗಣ್ಣಿನ ನುಸಿ, ಅಂದರೆ ಹಣ್ಣಿನ ನೊಣ ಡ್ರೊಸೊಫಿಲಾದಿಂದಲೇ. ಆ ಸುದ್ದಿಯ ದಾರಿಗಳಲ್ಲೊಂದರ ಹೆಸರು ‘ನಾಚ್’.

ಮೊದಲು ಹಿಡಿಯುವುದು. ಗಾಜಿನ ಬಾಟಲಿಗೆ ಕಳಿತ ಹಣ್ಣಿನ ಚೂರು ಹಾಕಿ. ಕಾಗದವನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ತುದಿಯಲ್ಲಿ ಸಣ್ಣ ತೂತು ಬಿಟ್ಟು, ಬಾಟಲಿಯ ಬಾಯಿಗೆ ಇಳಿಸಿ. ಒಳಹೊಕ್ಕ ನೊಣಕ್ಕೆ ಹೊರದಾರಿ ಸಿಗುವುದು ಕಷ್ಟ. ಹತ್ತಾರು ಸೇರಿದ ಮೇಲೆ ಮುಚ್ಚಳ ಹಾಕಿ, ಫ್ರಿಜ್ಜಿನಲ್ಲಿ ಕಾಲು ಗಂಟೆ ಇಡಿ. ಫ್ರೀಜರ್ ಬೇಡ, ಸತ್ತುಹೋಗುತ್ತವೆ. ಚಳಿಗೆ ಮರಗಟ್ಟಿದವನ್ನು ಐಸ್ ತುಂಬಿದ ಡಬ್ಬಿಯ ಮೇಲೆ ಬಿಳಿ ಕಾಗದ ಹಾಸಿ ಸುರಿಯಿರಿ.

ಈಗ ಭೂತಗನ್ನಡಿ ಹಿಡಿದು ಬೆನ್ನು ನೋಡಿ. ದಪ್ಪ ಕಪ್ಪು ಬಿರುಗೂದಲು ಕಾಣುತ್ತವೆ. ಎಲ್ಲಿವೆಯೋ ಅಲ್ಲಿಗೆ ಚುಕ್ಕಿ ಇಟ್ಟು ಚಿತ್ರ ಬರೆದುಕೊಳ್ಳಿ. ಇನ್ನೊಂದು ನೊಣದ ಚಿತ್ರ ಬರೆದು ಪಕ್ಕದಲ್ಲಿಡಿ. ಸ್ಥಾನ ಹೆಚ್ಚುಕಡಿಮೆ ಅದೇ; ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಎಲ್ಲೂ ಬೆಳೆದಿಲ್ಲ. ಈ ಅಂತರ ಇಟ್ಟವರು ಯಾರು?

ಇದಕ್ಕೊಂದು ಆಟವಿದೆ. ಮಕ್ಕಳನ್ನು ಸಾಲಾಗಿ ಕೂರಿಸಿ, ಎಲ್ಲರೂ ಕೈ ಎತ್ತಲಿ. ನಿಯಮ ಒಂದೇ: ಪಕ್ಕದವರ ಕೈ ನಿಮ್ಮದಕ್ಕಿಂತ ಸ್ವಲ್ಪ ಮೇಲಿದ್ದರೂ ನಿಮ್ಮದನ್ನು ಇಳಿಸಬೇಕು. ಕೆಲವೇ ಕ್ಷಣಗಳಲ್ಲಿ ಅಲ್ಲೊಂದು ಇಲ್ಲೊಂದು ಕೈ ಮಾತ್ರ ಉಳಿಯುತ್ತದೆ. ಬೆನ್ನಿನ ಮೇಲೂ ಹೀಗೆಯೇ. ‘ಬಿರುಗೂದಲು ನಾನಾಗುತ್ತೇನೆ’ ಎಂದು ಮುಂದಾದ ಕೋಶ ‘ಡೆಲ್ಟಾ’ ಎಂಬ ಪ್ರೋಟೀನನ್ನು ಹೊರಮೈಮೇಲೆ ಚಾಚುತ್ತದೆ. ಪಕ್ಕದ ಕೋಶದ ‘ನಾಚ್’ ಪ್ರೋಟೀನು ಅದಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ. ಡೆಲ್ಟಾ ಎಳೆಯುತ್ತಿದ್ದಂತೆ ನಾಚ್ ಎರಡು ಕಡೆ ಕತ್ತರಿಸಿಹೋಗುತ್ತದೆ. ಒಳಗೆ ಉಳಿದ ತುಂಡು ನೇರ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ; ಆಗ ಆ ಕೋಶ ಬಿರುಗೂದಲಾಗುವ ಆಸೆ ಬಿಡುತ್ತದೆ, ಆಟದಲ್ಲಿ ಕೈ ಇಳಿಸಿದಂತೆ. ಬಾಗಿಲಲ್ಲಿದ್ದ ಕಾವಲುಗಾರನೇ ಸುದ್ದಿ ಹೊತ್ತು ಒಳಮನೆಗೆ ಓಡಿದಂತೆ. ಒಮ್ಮೆ ಕತ್ತರಿಸಿದ ನಾಚ್ ಮತ್ತೆ ಕೆಲಸಕ್ಕಿಲ್ಲ. ಇಷ್ಟು ಸರಳ ದಾರಿ ಇಷ್ಟೆಲ್ಲ ಕಟ್ಟುತ್ತದಲ್ಲ ಎಂದು ನನಗೆ ಇಂದಿಗೂ ಬೆರಗು.

ಆಟದಲ್ಲಿ ಯಾರೂ ಕೈ ಇಳಿಸದಿದ್ದರೆ? ನಾಚ್ ಪೂರ್ತಿ ಇಲ್ಲದ ನೊಣದ ಭ್ರೂಣದಲ್ಲಿ ಚರ್ಮವಾಗಬೇಕಾದ ಕೋಶಗಳೂ ನರಕೋಶಗಳಾಗಿ ಭ್ರೂಣ ಸಾಯುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ರೆಕ್ಕೆಯ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಇಂಗ್ಲಿಷಿನಲ್ಲಿ ‘ನಾಚ್’ ಎಂದರೆ ಕಚ್ಚು; ಹೆಸರು ಬಂದದ್ದೇ ಅದರಿಂದ. 1910ರ ದಶಕದಲ್ಲಿ ಅಮೆರಿಕದಲ್ಲಿ ಕಂಡದ್ದು. ನಿಮ್ಮ ಬಾಟಲಿಯಲ್ಲಿ ಅಂಥದ್ದು ಸಿಗುವುದು ಅಪರೂಪ, ಹುಡುಕಿ ಬೇಸರ ಪಡಬೇಡಿ.

ನೊಣಕ್ಕೆ ಒಂದು ನಾಚ್, ಮನುಷ್ಯರಿಗೆ ನಾಲ್ಕು. ನಮ್ಮಲ್ಲಿ ಡೆಲ್ಟಾದ ಹತ್ತಿರದ ನೆಂಟನಂತಿರುವ ಜ್ಯಾಗ್‌1 ಜೀನಿನ ಒಂದು ಪ್ರತಿ ಕೆಟ್ಟರೆ ಅಲಜಿಲ್ ಸಿಂಡ್ರೋಮ್: ಪಿತ್ತನಾಳಗಳು ಕಡಿಮೆಯಾಗಿ ಕೂಸಿಗೆ ಕಾಮಾಲೆ. ನಾಚ್‌3 ಕೆಟ್ಟರೆ ಕಡಾಸಿಲ್: ಮೊದಲು ಮೈಗ್ರೇನ್, ನಡುವಯಸ್ಸಿಗೆ ಪಾರ್ಶ್ವವಾಯು. ಟಿ-ಕೋಶದ ತೀವ್ರ ರಕ್ತಕ್ಯಾನ್ಸರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಾಚ್‌1 ಅತಿಯಾಗಿ ಚುರುಕಾಗಿರುತ್ತದೆ ಎಂದು 2004ರಲ್ಲಿ ತಿಳಿಯಿತು. ಅದೇ ನಾಚ್ ಚರ್ಮದಲ್ಲಿ ಕಡಿಮೆಯಾದರೂ ಕ್ಯಾನ್ಸರಿಗೆ ದಾರಿ.

ಹಾಗಾಗಿ ಔಷಧ ಮಾಡುವುದು ಕಷ್ಟ. ನಾಚನ್ನು ಕತ್ತರಿಸುವ ಗಾಮಾ ಸೆಕ್ರಿಟೇಸ್ ಎಂಬ ಕಿಣ್ವವೇ ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಕೂಡಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನು ಚೂರನ್ನೂ ಕತ್ತರಿಸಿ ಹೊರಬಿಡುತ್ತದೆ. ಆ ಕಿಣ್ವವನ್ನು ತಡೆಯುವ ಸೆಮಗಾಸೆಸ್ಟಾಟ್ ಔಷಧದ ಪರೀಕ್ಷೆಯನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ಮರೆವು ಹೆಚ್ಚಿತು, ಚರ್ಮದ ಕ್ಯಾನ್ಸರೂ ಹೆಚ್ಚಾಗಿ ಕಂಡಿತು.

ನೊಣದ ಮೂಲಕ ಜೀವ ಅರಿಯುವ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ಒಬೈದ್ ಸಿದ್ದಿಕಿ ಇದೇ ನೊಣದ ವಾಸನೆ, ರುಚಿಗಳ ಬೆನ್ನುಹತ್ತಿದವರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನೊಣಗಳಿಗೆ ಬೆಚ್ಚಗಾಗಿ ಕಾಲಾಡಿಸತೊಡಗುತ್ತವೆ. ಕಾಗದವನ್ನು ಮೆಲ್ಲಗೆ ಕಿಟಕಿಯ ಬಳಿ ಒಯ್ಯಿರಿ.