ಅವಧಿ ಮುಗಿದ ಪಿಆರ್ ಕಾರ್ಡ್ ಮತ್ತು ನಾನು ಎಣಿಸಿದ 740 ದಿನಗಳು

ನನ್ನ ಕೆನಡಾದ ಪಿಆರ್ (ಕಾಯಂ ನಿವಾಸಿ) ಕಾರ್ಡಿನ ಅವಧಿ ನಾನು ಭಾರತದಲ್ಲಿದ್ದಾಗ ಮುಗಿದಿತ್ತು. ಕಾರ್ಡಿಲ್ಲದೆ ವಿಮಾನದಲ್ಲಿ ಮರಳಲು ಬೇಕಾದ ಪ್ರಯಾಣ ಪತ್ರವಾದ ಪಿಆರ್‌ಟಿಡಿಗೆ ಅರ್ಜಿ ಹಾಕಿದರೆ ಪಿಆರ್ ಸ್ಥಾನವೇ ಕೈತಪ್ಪುತ್ತದೆ ಎಂದು ನನಗೆ ಹೇಳದವರಿಲ್ಲ. ಅರ್ಜಿ ಹೋದೊಡನೆ ಐದು ವರ್ಷಗಳಲ್ಲಿ 730 ದಿನ ಅಲ್ಲಿದ್ದೆವೇ ಎಂಬ ಪರಿಶೀಲನೆ ನಡೆಯುತ್ತದೆ ಎಂಬುದು ನಿಜ, ಮತ್ತು ಬೆಂಗಳೂರಿನಲ್ಲಿ ನಾನು ಕಂಡ ಸಲಹೆಗಾರರ ಲೆಕ್ಕದಲ್ಲಿ ನನ್ನ ದಿನಗಳು 728ಕ್ಕೆ ನಿಂತಿದ್ದವು. ಅಮೆರಿಕಕ್ಕೆ ಹೋಗಿ ಅಲ್ಲಿಂದ ಖಾಸಗಿ ಕಾರಿನಲ್ಲಿ ಗಡಿ ದಾಟಿ ಎಂದರು ಅವರು. ಖಾಸಗಿ ವಾಹನದಲ್ಲಿ ಬರುವವರಿಗೆ ಕಾರ್ಡ್ ಕಡ್ಡಾಯವಲ್ಲ, ನಿಜ. ಆದರೆ ನನ್ನ ಬಳಿ ಅಮೆರಿಕದ ವೀಸಾ ಇರಲಿಲ್ಲ.

ಅದಕ್ಕೂ ಮೊದಲೇ ದುಬಾರಿ ತಪ್ಪುಗಳಾಗಿದ್ದವು. ತಂದೆಯವರ ಶಸ್ತ್ರಚಿಕಿತ್ಸೆಗೆಂದು ಟೊರಾಂಟೊದಿಂದ ಹೊರಟಾಗ ಕಾರ್ಡಿನ ಅವಧಿ ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಿತ್ತು, ಅಂದರೆ ಅಲ್ಲಿದ್ದಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದಿತ್ತು, ಹಾಕಲಿಲ್ಲ. ಮರಳುವಾಗ ಪಿಆರ್ ಸ್ಥಾನವನ್ನು ದೃಢೀಕರಿಸುವ ಸಿಒಪಿಆರ್ ಹಾಳೆಯನ್ನು ನಂಬಿ ವಿಮಾನ ನಿಲ್ದಾಣಕ್ಕೆ ಹೋದೆ, ಚೆಕ್‌ಇನ್ ಕೌಂಟರಿನಲ್ಲೇ ತಡೆದರು. ಟಿಕೆಟಿನಲ್ಲಿ ಸುಮಾರು 60 ಸಾವಿರ ರೂಪಾಯಿ ಹೋಯಿತು. 50 ಡಾಲರ್ ಶುಲ್ಕದ ಪಿಆರ್‌ಟಿಡಿ ಕೈಯಲ್ಲಿಲ್ಲದ ಕಾರಣಕ್ಕೆ ಅಷ್ಟು ಹಣ ಹೋದದ್ದು ಇಂದಿಗೂ ನೋಯುತ್ತದೆ.

ಆಮೇಲೆ ಲೆಕ್ಕವನ್ನು ನಾನೇ ಕೈಗೆತ್ತಿಕೊಂಡೆ. ಕೆನಡಾದಲ್ಲಿ ದಿನದ ಒಂದು ಭಾಗ ಇದ್ದರೂ ಅದು ಪೂರ್ಣ ದಿನವೇ, ಆದ್ದರಿಂದ ಹೊರಟ ದಿನವೂ ಮರಳಿದ ದಿನವೂ ಲೆಕ್ಕಕ್ಕೆ ಸೇರಬೇಕು. ಸಲಹೆಗಾರರು ನನ್ನ ಆರೂ ಪ್ರವಾಸಗಳಲ್ಲಿ ಈ ಎರಡೂ ದಿನಗಳನ್ನು ಬಿಟ್ಟಿದ್ದರು. ಸೇರಿಸಿದಾಗ 740 ಆಯಿತು. ಸಾವಿರಾರು ರೂಪಾಯಿ ಪಡೆಯುವವರ ಕಣ್ಣಿಗೆ ಬೀಳದ್ದು ನನಗೆ ಕಂಡಿತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎಣಿಸುವುದಕ್ಕಿಂತ ಅದನ್ನು ಸಾಬೀತುಪಡಿಸುವುದು ಕಷ್ಟವಾಯಿತು. ಕೆನಡಾದಿಂದ ಹೊರಡುವಾಗ ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳುವುದಿಲ್ಲ, ಭಾರತದ ಆಗಮನದ ಮುದ್ರೆಯೋ ಒಂದೆರಡು ದಿನ ತಡವಾಗಿ ಬೀಳುತ್ತದೆ, ಹಾಗಾಗಿ ಹೊರಟ ದಿನಕ್ಕೆ ಬೋರ್ಡಿಂಗ್ ಪಾಸ್ ಅಥವಾ ಟಿಕೆಟಿನ ಇಮೇಲ್ ಬೇಕೇ ಬೇಕು. ತೆರಿಗೆಯ ನೋಟಿಸ್ ಆಫ್ ಅಸೆಸ್‌ಮೆಂಟ್ ವರ್ಷವನ್ನು ತೋರಿಸುತ್ತದೆಯೇ ಹೊರತು ದಿನಗಳನ್ನಲ್ಲ. ಪ್ರಯೋಗವೆಂದು ಟೊರಾಂಟೊದ ಬಸ್ಸು, ರೈಲುಗಳಲ್ಲಿ ಬಳಸುವ ಪ್ರೆಸ್ಟೋ ಕಾರ್ಡಿನ ಪ್ರಯಾಣದ ದಾಖಲೆ ತೆಗೆದೆ. ಯಾವ ದಿನ ಯಾವ ನಿಲ್ದಾಣವೆಂದು ಚೆನ್ನಾಗಿ ಕಾಣುತ್ತಿತ್ತು, ಆದರೆ ಹಳೆಯ ವರ್ಷಗಳದು ಸಿಗಲಿಲ್ಲ. ಕ್ರೆಡಿಟ್ ಕಾರ್ಡಿನ ಪಟ್ಟಿಯಲ್ಲಿ ಖರೀದಿಯ ದಿನವೇ ಬೇರೆ, ಖಾತೆಗೆ ಬಿದ್ದ ದಿನವೇ ಬೇರೆ. ಎರಡನ್ನು ಬೆರೆಸಿ ಒಂದು ವಾರ ಹಾಳುಮಾಡಿಕೊಂಡೆ. ಕೊನೆಗೆ ಸಂಬಳದ ಚೀಟಿಗಳು, ಬಾಡಿಗೆ ಕರಾರು, ಬ್ಯಾಂಕ್ ವಿವರ ಇವಿಷ್ಟನ್ನು ಇಟ್ಟೆ. ಇವನ್ನು ದಿನಪಟ್ಟಿಗೆ ಹೇಗೆ ಹೊಂದಿಸಿದೆ, ಜೊತೆಗಿಟ್ಟ ಪತ್ರದ ಮೊದಲ ಪ್ಯಾರಾದಲ್ಲಿ ಏನು ಬರೆದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಅರ್ಜಿ ಅಪೂರ್ಣವೆಂದು ಮರಳಿತು, ಏಕೆಂದರೆ ಪಾಸ್‌ಪೋರ್ಟಿನ ಖಾಲಿ ಪುಟಗಳನ್ನು ಸ್ಕ್ಯಾನ್ ಮಾಡದೆ ಬಿಟ್ಟಿದ್ದೆ. ಮೂರು ವಾರ ಹೋದವು. ನನ್ನನ್ನು ಹೆದರಿಸಿದ್ದು ವಿಳಂಬವಲ್ಲ, ಐದು ವರ್ಷದ ಅವಧಿ ಅಷ್ಟೇ ಮುಂದಕ್ಕೆ ಜಾರುವುದು. ಹಿಂಬದಿಯಿಂದ ಬಿದ್ದುಹೋಗುವ ದಿನಗಳು ಕೆನಡಾದಲ್ಲಿದ್ದ ದಿನಗಳಾಗಿದ್ದರೆ 740 ಮತ್ತೆ 719 ಆಗುತ್ತಿತ್ತು. ಹಳೆಯ ಮುದ್ರೆಗಳನ್ನು ತೆಗೆದು ನೋಡಿದರೆ ಐದು ವರ್ಷದ ಹಿಂದಿನ ಅದೇ ವಾರಗಳಲ್ಲಿ ನಾನು ಊರಿನಲ್ಲೇ ಇದ್ದೆ, ಒಂದು ದಿನವೂ ಕಡಿಮೆಯಾಗಲಿಲ್ಲ. ಅಂದು ರಾತ್ರಿಯೇ ಎರಡನೆಯ ಅರ್ಜಿ ಸಲ್ಲಿಸಿದೆ.

ನೆನಪಿನಂತೆ ಐದು ವಾರಗಳ ನಂತರ ಪಾಸ್‌ಪೋರ್ಟ್ ಒಪ್ಪಿಸುವಂತೆ ಸೂಚನೆ ಬಂತು. ಹಿಂದಿರುಗಿ ಬಂದ ಪಾಸ್‌ಪೋರ್ಟಿನಲ್ಲಿ ಒಂದೇ ಪ್ರವೇಶಕ್ಕೆ ಸಲ್ಲುವ ಪಿಆರ್‌ಟಿಡಿ ಅಂಟಿತ್ತು. ಸಲಹೆಗಾರರು ಕೇಳಿದ್ದು 45 ಸಾವಿರದ ಆಸುಪಾಸು. ಶುಲ್ಕ, ಸ್ಕ್ಯಾನಿಂಗ್, ಕೊರಿಯರ್ ಸೇರಿ ನನಗೆ ಆದದ್ದು ಆರು ಸಾವಿರದೊಳಗೆ. ಟೊರಾಂಟೊದಲ್ಲಿ ಇಳಿದಾಗ ಅಧಿಕಾರಿ ಎರಡು ಪ್ರಶ್ನೆ ಕೇಳಿ ಬಿಟ್ಟರು. ಕಾರ್ಡನ್ನು ಕೆನಡಾದ ವಿಳಾಸಕ್ಕೆ ಮಾತ್ರ ಕಳಿಸುತ್ತಾರಾದ್ದರಿಂದ, ಅದೇ ದಿನಪಟ್ಟಿಯನ್ನು ಲಗತ್ತಿಸಿ ಮರುದಿನವೇ ನವೀಕರಣದ ಅರ್ಜಿಯನ್ನೂ ಕಳಿಸಿದೆ.